ಓಡುತ್ತಿರುವ ಡೇಟಾಬೇಸ್‌ನಲ್ಲಿ ಟೇಬಲ್ ತಿದ್ದುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಸುತ್ತ ಇವೆ. ಬಳಕೆದಾರರು ಕೆಲಸ ಮಾಡುತ್ತಿರುವಾಗಲೇ, ಸರ್ವರ್ ನಿಲ್ಲಿಸದೆ ಟೇಬಲ್‌ನ ರಚನೆ ಬದಲಿಸುವುದು ಹೇಗೆ? ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗಳನ್ನು ಬಳಸುವವರಿಂದ ಬಂದ ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪೋಸ್ಟ್‌ಗ್ರೆಸ್‌ನಲ್ಲಿ ಆರ್ಡರ್‌ಗಳ ಟೇಬಲ್‌ಗೆ ಒಂದು ಖಾಲಿ ಕಾಲಂ ಸೇರಿಸಿದೆವು. ಟೆಸ್ಟ್ ಸರ್ವರ್‌ನಲ್ಲಿ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದಿತ್ತು. ಲೈವ್‌ನಲ್ಲಿ ಇಡೀ ಆ್ಯಪ್ ನಾಲ್ಕು ನಿಮಿಷ ಸ್ತಬ್ಧವಾಯಿತು. ಒಂದು ಕಾಲಂ ಸೇರಿಸುವುದು ಅಷ್ಟು ಭಾರದ ಕೆಲಸವೇ? (ಹುಬ್ಬಳ್ಳಿಯ ಓದುಗರು)

ಭಾರದ ಕೆಲಸವಲ್ಲ. ಕಾಲಂ ಸೇರಿಸಲು ಬೇಕಾದದ್ದು ಕೆಲವು ಮಿಲಿಸೆಕೆಂಡು ಮಾತ್ರ. ನಾಲ್ಕು ನಿಮಿಷ ಹೋದದ್ದು ಕಾಯುವುದರಲ್ಲಿ. ಕಾದದ್ದು ನಿಮ್ಮ ಆಲ್ಟರ್ (ರಚನೆ ಬದಲಿಸುವ ಆದೇಶ) ಒಂದೇ ಅಲ್ಲ, ಅದರ ಹಿಂದೆ ಬಂದವರೆಲ್ಲರೂ ಕಾದರು.

ಆಲ್ಟರ್ ಟೇಬಲ್‌ನ ಬಹುತೇಕ ರೂಪಗಳಿಗೆ 'ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್' ಲಾಕ್ ಬೇಕು, ಅಂದರೆ ಟೇಬಲ್ ಅನ್ನು ಬೇರೆ ಯಾರೂ ಮುಟ್ಟದಂತೆ ಹಾಕುವ ಬೀಗ. ಅದು ಸಾಮಾನ್ಯ ಸೆಲೆಕ್ಟ್‌ನ (ಡೇಟಾ ಓದುವ ಆದೇಶದ) ಜೊತೆಗೂ ಹೊಂದುವುದಿಲ್ಲ. ಆಗ ನಡೆಯುವುದು ಹೀಗೆ. 11:00:00ಕ್ಕೆ ಯಾರೋ ತಿಂಗಳ ವರದಿಗಾಗಿ ಅದೇ ಟೇಬಲ್ ಮೇಲೆ ದೊಡ್ಡ ಸೆಲೆಕ್ಟ್ ಶುರು ಮಾಡುತ್ತಾರೆ. 11:00:10ಕ್ಕೆ ನಿಮ್ಮ ಆಲ್ಟರ್ ಬಂದು ಅದು ಮುಗಿಯಲೆಂದು ನಿಲ್ಲುತ್ತದೆ. 11:00:11ಕ್ಕೆ ಬರುವ ಪುಟ್ಟ ಸೆಲೆಕ್ಟ್‌ಗೆ ವರದಿಯ ಸೆಲೆಕ್ಟ್ ಜೊತೆ ಯಾವ ತಕರಾರೂ ಇಲ್ಲ. ಆದರೂ ಅದು ಮುಂದೆ ಹೋಗುವಂತಿಲ್ಲ, ಏಕೆಂದರೆ ಸರತಿಯಲ್ಲಿ ತನಗಿಂತ ಮುಂದೆ ನಿಂತಿರುವ ಆಲ್ಟರ್ ಜೊತೆ ಅದಕ್ಕೆ ತಕರಾರಿದೆ. ಅಲ್ಲಿಂದ ಮುಂದೆ ಆ ಟೇಬಲ್ ಮುಟ್ಟುವ ಪ್ರತಿ ಕ್ವೆರಿಯೂ ಒಂದೊಂದು ಕನೆಕ್ಷನ್ ಹಿಡಿದುಕೊಂಡು ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್_ಕನೆಕ್ಷನ್ಸ್ ಡೀಫಾಲ್ಟ್ ಬೆಲೆ 100. ಕನೆಕ್ಷನ್ ಪೂಲ್ (ಆ್ಯಪ್ ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಗುಂಪು) ತುಂಬಿದ ಮೇಲೆ ಆ ಟೇಬಲ್‌ಗೆ ಸಂಬಂಧವೇ ಇಲ್ಲದ ಪುಟಗಳೂ ತೆರೆಯುವುದಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ವರದಿ ಓಡಿಸುವವರು ಯಾರೂ ಇರಲಿಲ್ಲ, ಅದಕ್ಕೇ ಅಲ್ಲಿ ಸುಸೂತ್ರ.

ಪರಿಹಾರ ಒಂದೇ ಸಾಲು. ಆಲ್ಟರ್‌ಗೆ ಮುಂಚೆ ಅದೇ ಸೆಷನ್‌ನಲ್ಲಿ ಲಾಕ್_ಟೈಮ್‌ಔಟ್ ಅನ್ನು 2 ಸೆಕೆಂಡಿಗೆ ಇಡಿ. ಇದರ ಡೀಫಾಲ್ಟ್ 0, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. 2 ಸೆಕೆಂಡಿನಲ್ಲಿ ಲಾಕ್ ಸಿಗದಿದ್ದರೆ ಆಲ್ಟರ್ ತಾನೇ ಸೋತು ಹಿಂದೆ ಸರಿಯುತ್ತದೆ, ಹಿಂದಿದ್ದವರು ಮುಂದೆ ಹೋಗುತ್ತಾರೆ. ಅರ್ಧ ನಿಮಿಷ ಬಿಟ್ಟು ಸ್ಕ್ರಿಪ್ಟ್ ಮತ್ತೆ ಪ್ರಯತ್ನಿಸಲಿ. ಹತ್ತು ಸಲ ಸೋತರೂ ಬಳಕೆದಾರರಿಗೆ ಆಗುವ ತೊಂದರೆ ಪ್ರತಿ ಸಲ 2 ಸೆಕೆಂಡು ಮಾತ್ರ. ಇದನ್ನು ಸ್ಟೇಟ್‌ಮೆಂಟ್_ಟೈಮ್‌ಔಟ್ ಜೊತೆ ಕಲಸಿಕೊಳ್ಳಬೇಡಿ. ಅದು ಇಡೀ ಆದೇಶದ ಸಮಯ ಎಣಿಸುತ್ತದೆ, ಇದು ಲಾಕ್‌ಗಾಗಿ ಕಾಯುವ ಸಮಯವನ್ನಷ್ಟೇ.

ಪ್ರತಿ ಸಲವೂ ಸೋಲುತ್ತಿದ್ದರೆ ಅಡ್ಡ ನಿಂತವರು ಯಾರೆಂದು ಪಿಜಿ_ಬ್ಲಾಕಿಂಗ್_ಪಿಡ್ಸ್ ಫಂಕ್ಷನ್ ಹೇಳುತ್ತದೆ. ಬಹಳ ಸಲ ಸಿಕ್ಕಿಬೀಳುವುದು 'ಐಡಲ್ ಇನ್ ಟ್ರಾನ್ಸಾಕ್ಷನ್' ಸ್ಥಿತಿಯ ಕನೆಕ್ಷನ್: ಯಾರೋ ಬಿಗಿನ್ ಹೊಡೆದು ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯಬೇಕಾದ ಆದೇಶಗಳ ಗುಂಪು) ತೆರೆದು, ಒಂದು ಸೆಲೆಕ್ಟ್ ಮಾಡಿ, ಕಮಿಟ್ ಮಾಡದೆ (ಅದನ್ನು ಮುಗಿಸದೆ) ಎದ್ದು ಹೋಗಿರುತ್ತಾರೆ. ಇನ್ನೊಂದು ಸಾಧ್ಯತೆ ಆಟೋವ್ಯಾಕ್ಯೂಮ್, ಅಂದರೆ ಹಳೆಯ ಸಾಲುಗಳ ಕಸ ಗುಡಿಸುವ ಹಿನ್ನೆಲೆ ಕೆಲಸ. ಸಾಮಾನ್ಯ ಆಟೋವ್ಯಾಕ್ಯೂಮ್ ನಿಮ್ಮ ಆಲ್ಟರ್ ಬಂದರೆ ತಾನೇ ರದ್ದಾಗಿ ದಾರಿ ಬಿಡುತ್ತದೆ. ಆದರೆ ಟ್ರಾನ್ಸಾಕ್ಷನ್ ಐಡಿ ಸುತ್ತು ಹಾಕುವುದನ್ನು (ಸಂಖ್ಯೆ ಮುಗಿದು ಮತ್ತೆ ಮೊದಲಿಗೆ ಬರುವುದನ್ನು) ತಡೆಯಲು ಓಡುವ ಆಟೋವ್ಯಾಕ್ಯೂಮ್ ದಾರಿ ಬಿಡುವುದಿಲ್ಲ. ಅದನ್ನು ಕೊಲ್ಲಬೇಡಿ, ಮುಗಿಯುವವರೆಗೆ ತಾಳಿ.

ಮೈಎಸ್‌ಕ್ಯೂಎಲ್‌ನಲ್ಲೂ ಇದೇ ಕಥೆ, ಲಾಕ್‌ನ ಹೆಸರು ಮೆಟಾಡೇಟಾ ಲಾಕ್. ಅಲ್ಲಿ ಲಾಕ್_ವೇಟ್_ಟೈಮ್‌ಔಟ್‌ನ ಡೀಫಾಲ್ಟ್ 31536000 ಸೆಕೆಂಡು, ಅಂದರೆ ಸರಿಯಾಗಿ ಒಂದು ವರ್ಷ! ಆಲ್ಟರ್ ಓಡಿಸುವ ಸೆಷನ್‌ನಲ್ಲಿ ಅದನ್ನು 2 ಅಥವಾ 3ಕ್ಕೆ ಇಳಿಸಿ.

ಪೋಸ್ಟ್‌ಗ್ರೆಸ್ ಬಗ್ಗೆ ಇನ್ನೊಂದು ಮಾತು. ಒಮ್ಮೆ ಸಿಕ್ಕ ಲಾಕ್ ಕಮಿಟ್ ಆಗುವವರೆಗೂ ಬಿಡುವುದಿಲ್ಲ. ಆಲ್ಟರ್ ಮಾಡಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಹಳೆಯ ಸಾಲುಗಳಿಗೆಲ್ಲ ಬೆಲೆ ತುಂಬಲು ಹೊರಟರೆ ಮಿಲಿಸೆಕೆಂಡಿನ ಲಾಕ್ ಗಂಟೆಗಟ್ಟಲೆ ಉಳಿಯುತ್ತದೆ. ರಚನೆ ಬದಲಿಸುವ ಮೈಗ್ರೇಶನ್ (ಬದಲಾವಣೆಯ ಸ್ಕ್ರಿಪ್ಟ್) ಬೇರೆ, ಡೇಟಾ ತುಂಬುವ ಕೆಲಸ ಬೇರೆ.

ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಅನ್ನು ಕನ್‌ಕರೆಂಟ್ಲಿ (ಬರಹ ತಡೆಯದೆ) ಎಂದು ಸೇರಿಸಿಯೇ ಮಾಡಿದ್ದೇವೆ. ಆದರೂ ಕ್ವೆರಿ ಅದನ್ನು ಬಳಸುತ್ತಿಲ್ಲ. ಏಕೆ? (ಮೈಸೂರಿನ ಓದುಗರು)

ಅದು ಅರ್ಧಕ್ಕೆ ಸತ್ತಿರಬಹುದು. ಪಿಜಿ_ಇಂಡೆಕ್ಸ್‌ನಲ್ಲಿ ಆ ಇಂಡೆಕ್ಸ್‌ನ ಇಂಡಿಸ್‌ವ್ಯಾಲಿಡ್ ಕಾಲಂ ನೋಡಿ. ಫಾಲ್ಸ್ ಎಂದಿದ್ದರೆ ಅದು ಅಮಾನ್ಯ ಇಂಡೆಕ್ಸ್. ಕ್ವೆರಿಗೆ ಉಪಯೋಗವಿಲ್ಲ, ಆದರೆ ಪ್ರತಿ ಇನ್ಸರ್ಟ್‌ಗೂ (ಹೊಸ ಸಾಲು ಸೇರಿಸಿದಾಗಲೂ) ಅದರ ಖರ್ಚು ತಪ್ಪುವುದಿಲ್ಲ.

ಕನ್‌ಕರೆಂಟ್ಲಿ ಟೇಬಲ್ ಅನ್ನು ಎರಡು ಸಲ ಓದುತ್ತದೆ, ನಡುನಡುವೆ ಹಳೆಯ ಟ್ರಾನ್ಸಾಕ್ಷನ್‌ಗಳು ಮುಗಿಯಲೆಂದು ಕಾಯುತ್ತದೆ. ಈ ನಡುವೆ ಸ್ಟೇಟ್‌ಮೆಂಟ್_ಟೈಮ್‌ಔಟ್ ಬಡಿದರೆ, ಯುನೀಕ್ ಇಂಡೆಕ್ಸ್‌ನಲ್ಲಿ ಒಂದೇ ಬೆಲೆ ಎರಡು ಸಲ ಸಿಕ್ಕರೆ, ಕನೆಕ್ಷನ್ ಕಡಿದರೆ, ಅಮಾನ್ಯ ಇಂಡೆಕ್ಸ್ ಹಾಗೆಯೇ ಉಳಿಯುತ್ತದೆ. ಆಮೇಲಿನ ಬಲೆ ಇನ್ನೂ ಸೂಕ್ಷ್ಮ. ಮೈಗ್ರೇಶನ್‌ನಲ್ಲಿ 'ಇಫ್ ನಾಟ್ ಎಕ್ಸಿಸ್ಟ್ಸ್' ಇದ್ದರೆ, ಎರಡನೇ ಸಲ ಓಡಿಸಿದಾಗ ಅದು ಹೆಸರನ್ನಷ್ಟೇ ನೋಡಿ 'ಇದೆಯಲ್ಲ' ಎಂದು ಮುಂದೆ ಹೋಗುತ್ತದೆ, ಮೈಗ್ರೇಶನ್ ಹಸಿರು ತೋರಿಸುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಅದನ್ನು ಡ್ರಾಪ್ ಇಂಡೆಕ್ಸ್ ಕನ್‌ಕರೆಂಟ್ಲಿ ಮೂಲಕ ತೆಗೆದು, ಹೊಸದಾಗಿ ಕಟ್ಟಿ.

ಆ ಸೆಷನ್‌ಗೆ ಸ್ಟೇಟ್‌ಮೆಂಟ್_ಟೈಮ್‌ಔಟ್ 0 ಇರಲಿ. ಮೇಲೆ ಹೇಳಿದ 2 ಸೆಕೆಂಡಿನ ಲಾಕ್_ಟೈಮ್‌ಔಟ್ ಕೂಡ ಇಲ್ಲಿಗೆ ಸಲ್ಲದು, ಏಕೆಂದರೆ ಇಲ್ಲಿ ಕಾಯುವುದು ಕೆಲಸದ ಭಾಗ, ಮತ್ತು ಆ ಕಾಯುವಿಕೆಯ ಹಿಂದೆ ಮಾಮೂಲಿ ಓದು ಬರಹ ನಿಲ್ಲುವುದಿಲ್ಲ. ಕನ್‌ಕರೆಂಟ್ಲಿ ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ. ಜ್ಯಾಂಗೊ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಮೈಗ್ರೇಶನ್‌ಗೆ ಅಟಾಮಿಕ್ ಫಾಲ್ಸ್ ಎಂದೂ, ರೇಲ್ಸ್ ಫ್ರೇಮ್‌ವರ್ಕ್‌ನಲ್ಲಿ ಡಿಸೇಬಲ್_ಡಿಡಿಎಲ್_ಟ್ರಾನ್ಸಾಕ್ಷನ್! ಎಂದೂ ಬರೆಯಬೇಕು.

ಗ್ರಾಹಕರ ಟೇಬಲ್‌ನಲ್ಲಿ 'ಫೋನ್' ಎಂಬ ಕಾಲಂ ಇದೆ. ಅದನ್ನು 'ಮೊಬೈಲ್' ಎಂದು ಬದಲಿಸಬೇಕು. ರೀನೇಮ್ ತಕ್ಷಣ ಮುಗಿಯುತ್ತದೆ ಎಂದು ಓದಿದ್ದೇನೆ, ಮಾಡಬಹುದೇ? (ಬೆಂಗಳೂರಿನ ಓದುಗರು)

ಡೇಟಾಬೇಸ್ ಮಟ್ಟಿಗೆ ತಕ್ಷಣ ಮುಗಿಯುತ್ತದೆ, ನಿಜ. ಒಡೆಯುವುದು ಕೋಡ್. ನಿಮ್ಮ ಆ್ಯಪ್ ಎಂಟು ಸರ್ವರ್‌ಗಳಲ್ಲಿ ಓಡುತ್ತಿದ್ದರೆ ಹೊಸ ಕೋಡ್ ಎಂಟರಲ್ಲೂ ಒಂದೇ ಕ್ಷಣಕ್ಕೆ ಬರುವುದಿಲ್ಲ. ಕೆಲವು ನಿಮಿಷ ಹಳೆಯದೂ ಹೊಸದೂ ಒಟ್ಟಿಗೆ ಇರುತ್ತವೆ. ರೀನೇಮ್ ಮೊದಲಾದರೆ ಹಳೆಯ ಕೋಡ್ ಬೀಳುತ್ತದೆ, ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಏರಿಸುವುದು) ಮೊದಲಾದರೆ ಹೊಸದು ಬೀಳುತ್ತದೆ. ಯಾವ ಬದಲಾವಣೆಯಾದರೂ ಸರಿ, ಟೇಬಲ್‌ನ ರೂಪ ಆ ಹೊತ್ತಿಗೆ ಓಡುತ್ತಿರುವ ಎರಡೂ ಆವೃತ್ತಿಗಳಿಗೆ ಹೊಂದಬೇಕು. ಹಾಗಾಗಿ ಒಂದು ಹೆಜ್ಜೆಯ ಕೆಲಸವನ್ನು ಹಲವು ಹೆಜ್ಜೆಗೆ ಒಡೆಯುತ್ತಾರೆ.

ಮೊದಲು 'ಮೊಬೈಲ್' ಎಂಬ ಹೊಸ ಕಾಲಂ, ನಲ್ (ಬೆಲೆಯೇ ಇಲ್ಲದ ಖಾಲಿ) ಒಪ್ಪುವಂತೆ. ಆಮೇಲೆ ಎರಡು ಕಾಲಂಗೂ ಬರೆಯುವ ಕೋಡ್ ಡಿಪ್ಲಾಯ್ ಮಾಡಿ, ಓದುವುದು ಇನ್ನೂ ಹಳೆಯದರಿಂದಲೇ ಇರಲಿ. ಎಲ್ಲ ಸರ್ವರ್‌ಗಳಿಗೂ ಈ ಕೋಡ್ ತಲುಪಿದ್ದು ಖಚಿತವಾದ ಮೇಲಷ್ಟೇ ಹಳೆಯ ಸಾಲುಗಳ ಬ್ಯಾಕ್‌ಫಿಲ್, ಅಂದರೆ ಅವುಗಳಿಗೆ ಹೊಸ ಕಾಲಂನಲ್ಲಿ ಬೆಲೆ ತುಂಬುವುದು. ಈ ಕ್ರಮ ತಿರುಗಿಸಿದರೆ, ಬ್ಯಾಕ್‌ಫಿಲ್ ದಾಟಿಹೋದ ಸಾಲನ್ನು ಹಳೆಯ ಕೋಡ್ ಬದಲಿಸಿದಾಗ ಹೊಸ ಕಾಲಂನಲ್ಲಿ ಹಳಸಲು ಬೆಲೆ ಉಳಿಯುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ.

ಬ್ಯಾಕ್‌ಫಿಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಡೀ ಟೇಬಲ್‌ಗೆ ಒಂದೇ ಅಪ್‌ಡೇಟ್ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಅಪ್‌ಡೇಟ್ ಸಾಲಿನ ಹೊಸ ಪ್ರತಿಯನ್ನೇ ಬರೆಯುತ್ತದೆ, ಟೇಬಲ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಸಾಲುಗಳ ಮೇಲಿನ ಲಾಕ್ ಕೊನೆಯವರೆಗೂ ಉಳಿಯುತ್ತದೆ. ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಹಿಡಿದು 1 ರಿಂದ 2000, 2001 ರಿಂದ 4000 ಹೀಗೆ ಸಾಗಿ, ಪ್ರತಿ ಕಂತಿಗೂ ಕಮಿಟ್ ಮಾಡಿ. ಆಫ್‌ಸೆಟ್ (ಇಷ್ಟು ಸಾಲು ಬಿಟ್ಟು ಮುಂದೆ ಎನ್ನುವುದು) ಬಳಸಬೇಡಿ, ಮುಂದೆ ಹೋದಂತೆಲ್ಲ ಅದು ನಿಧಾನವಾಗುತ್ತದೆ. ಕಂತುಗಳ ನಡುವೆ 100 ಮಿಲಿಸೆಕೆಂಡು ಬಿಡುವು ಕೊಟ್ಟು, ರೆಪ್ಲಿಕಾ (ಡೇಟಾಬೇಸ್‌ನ ಪ್ರತಿರೂಪ ಸರ್ವರ್) ಹಿಂದೆ ಬಿದ್ದಿದೆಯೇ ನೋಡಿ. 5 ಸೆಕೆಂಡಿಗಿಂತ ಹಿಂದಿದ್ದರೆ ಅದು ಹತ್ತಿರ ಬರುವವರೆಗೆ ಸ್ಕ್ರಿಪ್ಟ್ ನಿಲ್ಲಲಿ. ಬೆಲೆಯನ್ನು ಸ್ಕ್ರಿಪ್ಟ್‌ಗೆ ಓದಿಕೊಂಡು ಮತ್ತೆ ಬರೆಯುವ ಬದಲು 'ಸೆಟ್ ಮೊಬೈಲ್ = ಫೋನ್' ಎಂದು ಡೇಟಾಬೇಸ್ ಒಳಗೇ ಮಾಡಿಸಿ. ಇಲ್ಲವಾದರೆ ಓದು ಮತ್ತು ಬರಹದ ನಡುವೆ ಗ್ರಾಹಕರು ನಂಬರ್ ಬದಲಿಸಿದರೆ ನಿಮ್ಮ ಸ್ಕ್ರಿಪ್ಟ್ ಹಳೆಯದನ್ನು ಅದರ ಮೇಲೆ ಬರೆದುಬಿಡುತ್ತದೆ.

ತುಂಬಿದ ಮೇಲೆ ಎರಡೂ ಕಾಲಂ ಹೋಲಿಸಿ. ಬರೀ ಅಸಮ ಚಿಹ್ನೆ ಹಾಕಿದರೆ ನಲ್ ಇರುವ ಸಾಲುಗಳು ಕಣ್ತಪ್ಪುತ್ತವೆ, 'ಈಸ್ ಡಿಸ್ಟಿಂಕ್ಟ್ ಫ್ರಂ' ಬಳಸಿ. ಉತ್ತರ ಸೊನ್ನೆ ಬಂದರೆ ಓದುವುದನ್ನು ಹೊಸ ಕಾಲಂಗೆ ತಿರುಗಿಸಿ, ಕೆಲವು ದಿನ ಬಿಡಿ. ಆಮೇಲೆ ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ. ಅದಕ್ಕೂ ಮುಂಚೆ ಹಳೆಯ ಕಾಲಂನ ನಾಟ್ ನಲ್ (ಖಾಲಿ ಬಿಡುವಂತಿಲ್ಲ ಎಂಬ ನಿಯಮ) ತೆಗೆಯದಿದ್ದರೆ ಹೊಸ ಇನ್ಸರ್ಟ್‌ಗಳೆಲ್ಲ ಸೋಲುತ್ತವೆ, ಎಚ್ಚರ. ಕೊನೆಗೆ ಡ್ರಾಪ್. ರೇಲ್ಸ್‌ನಲ್ಲಿರುವಂಥ ಒಆರ್‌ಎಂಗಳು (ಕೋಡ್ ಮತ್ತು ಟೇಬಲ್ ನಡುವಿನ ಸೇತುವೆ) ಕಾಲಂ ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಅಲ್ಲಿ ಡ್ರಾಪ್‌ಗಿಂತ ಒಂದು ಡಿಪ್ಲಾಯ್ ಮುಂಚೆ ಇಗ್ನೋರ್ಡ್_ಕಾಲಮ್ಸ್‌ಗೆ ಅದನ್ನು ಸೇರಿಸಬೇಕು. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ (ಮೊದಲೇ ಸಿದ್ಧಮಾಡಿಟ್ಟ ಕ್ವೆರಿಯಲ್ಲಿ) 'ಸೆಲೆಕ್ಟ್ ಸ್ಟಾರ್' (ಎಲ್ಲ ಕಾಲಂ ಕೊಡು) ಇದ್ದರೆ, ಕಾಲಂ ಸೇರಿಸಿದಾಗಲೂ ತೆಗೆದಾಗಲೂ ಪೋಸ್ಟ್‌ಗ್ರೆಸ್ 'ಕ್ಯಾಶ್ಡ್ ಪ್ಲ್ಯಾನ್ ಮಸ್ಟ್ ನಾಟ್ ಚೇಂಜ್ ರಿಸಲ್ಟ್ ಟೈಪ್' ಎಂದು ಎರರ್ ಕೊಡುತ್ತದೆ. ಕಾಲಂಗಳ ಹೆಸರು ಬರೆದೇ ಕೇಳುವುದು ಒಳ್ಳೆಯದು. ವರದಿ ತಂಡದ ವ್ಯೂಗಳು, ಡ್ಯಾಶ್‌ಬೋರ್ಡ್, ರಾತ್ರಿ ಓಡುವ ಎಕ್ಸ್‌ಪೋರ್ಟ್ ಇವೆಲ್ಲ ಆ ಕಾಲಂ ಬಳಸುತ್ತಿವೆಯೇ ಎಂದು ಡ್ರಾಪ್‌ಗೆ ಮುಂಚೆ ವಿಚಾರಿಸಿ.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಾಮಾಣಿಕ ಸಲಹೆ: ಬರೀ ಹೆಸರಿಗಾಗಿ ಇದನ್ನು ಮಾಡಬೇಡಿ. ಕೋಡ್‌ನ ಮಾಡೆಲ್‌ನಲ್ಲಿ 'ಮೊಬೈಲ್' ಎಂದು ಕರೆದು, ಅದನ್ನು 'ಫೋನ್' ಕಾಲಂಗೆ ಮ್ಯಾಪ್ ಮಾಡಿ. ಕಾಲಂನ ಅರ್ಥ ಅಥವಾ ಟೈಪ್ ಬದಲಾಗುವಾಗ ಮಾತ್ರ ಈ ಶ್ರಮ ಸಾರ್ಥಕ.

ಆರು ಕೋಟಿ ಸಾಲುಗಳ ಟೇಬಲ್‌ನಲ್ಲಿ ಒಂದು ಕಾಲಂಗೆ ನಾಟ್ ನಲ್ ಹಾಕಬೇಕು. ಡೀಫಾಲ್ಟ್ ಬೆಲೆ ಜೊತೆ ಹೊಸ ಕಾಲಂ ಸೇರಿಸುವುದೂ ಅಪಾಯವೇ? (ಮಂಗಳೂರಿನ ಓದುಗರು)

ಎರಡನೆಯದಕ್ಕೆ ಮೊದಲು ಉತ್ತರ: ಪೋಸ್ಟ್‌ಗ್ರೆಸ್ 11 ರಿಂದ ಈಚೆಗೆ ಅಪಾಯವಿಲ್ಲ. ಡೀಫಾಲ್ಟ್ ಬೆಲೆ ಕೆಟಲಾಗ್‌ನಲ್ಲಿ (ಟೇಬಲ್‌ಗಳ ವಿವರ ಇಡುವ ಕಡೆ) ಉಳಿಯುತ್ತದೆ, ಸಾಲುಗಳನ್ನು ಮತ್ತೆ ಬರೆಯುವುದಿಲ್ಲ. ಆದರೆ ಜೆನ್_ರ‍್ಯಾಂಡಮ್_ಯುಯುಐಡಿಯಂತೆ ಪ್ರತಿ ಸಾಲಿಗೂ ಬೇರೆ ಬೆಲೆ ಕೊಡುವ ಡೀಫಾಲ್ಟ್ ಇದ್ದರೆ ಇಡೀ ಟೇಬಲ್ ಮರುಬರಹ ಆಗುತ್ತದೆ.

ನೇರವಾಗಿ ಸೆಟ್ ನಾಟ್ ನಲ್ ಹಾಕಿದರೆ ಭಾರೀ ಲಾಕ್ ಹಿಡಿದುಕೊಂಡೇ ಆರು ಕೋಟಿ ಸಾಲೂ ಓದುತ್ತದೆ. ಬದಲಿಗೆ 'ಕಾಲಂ ಈಸ್ ನಾಟ್ ನಲ್' ಎಂಬ ಚೆಕ್ ಕನ್‌ಸ್ಟ್ರೇಂಟ್ (ಬೆಲೆ ಪರೀಕ್ಷಿಸುವ ನಿಯಮ) ಅನ್ನು ನಾಟ್ ವ್ಯಾಲಿಡ್ (ಹಳೆಯ ಸಾಲುಗಳನ್ನು ಈಗ ಪರೀಕ್ಷಿಸಬೇಡ) ಎಂದು ಸೇರಿಸಿ. ಆ ಕ್ಷಣದಿಂದ ಹೊಸ ಬರಹಗಳಿಗೆ ಅದು ಅನ್ವಯ. ಹಳೆಯ ನಲ್‌ಗಳನ್ನು ಕಂತುಗಳಲ್ಲಿ ತುಂಬಿ, ವ್ಯಾಲಿಡೇಟ್ ಕನ್‌ಸ್ಟ್ರೇಂಟ್ ಓಡಿಸಿ. ಇದು ಇಡೀ ಟೇಬಲ್ ಓದಿದರೂ ಇನ್ಸರ್ಟ್, ಅಪ್‌ಡೇಟ್ ತಡೆಯುವುದಿಲ್ಲ. ಆಮೇಲೆ ಸೆಟ್ ನಾಟ್ ನಲ್ ಹಾಕಿದರೆ, ಪೋಸ್ಟ್‌ಗ್ರೆಸ್ 12 ರಿಂದ ಈಚೆಗೆ ಅದು ಚೆಕ್ ಇರುವುದನ್ನು ಕಂಡು ಮತ್ತೆ ಓದದೆ ಮುಗಿಸುತ್ತದೆ. ಕೊನೆಗೆ ಚೆಕ್ ತೆಗೆಯಿರಿ. 18ನೇ ಆವೃತ್ತಿಯಲ್ಲಿ ನಾಟ್ ನಲ್ ಅನ್ನೇ ನಾಟ್ ವ್ಯಾಲಿಡ್ ಎಂದು ಸೇರಿಸಬಹುದು. ಫಾರಿನ್ ಕೀಗೂ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕೊಂಡಿಗೂ) ಇದೇ ಎರಡು ಹೆಜ್ಜೆ, ಮೊದಲು ನಾಟ್ ವ್ಯಾಲಿಡ್, ಆಮೇಲೆ ವ್ಯಾಲಿಡೇಟ್. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಿದರೆ ಪ್ರಯೋಜನವೆಲ್ಲ ಹೋಯಿತು.

ನಮ್ಮದು ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್. ಕನ್ನಡ ಸರಿಯಾಗಿ ಉಳಿಯುತ್ತದೆ, ಆದರೆ ಓದುಗರು ಕಾಮೆಂಟ್‌ನಲ್ಲಿ ಇಮೋಜಿ ಹಾಕಿದರೆ ಎರರ್. ಅಕ್ಷರಗಳ ಎನ್‌ಕೋಡಿಂಗ್ ಅನ್ನು ಯುಟಿಎಫ್8ಎಂಬಿ4ಗೆ ಬದಲಿಸಿ ಎನ್ನುತ್ತಾರೆ. ಹೇಗೆ? (ಶಿವಮೊಗ್ಗದ ಓದುಗರು)

ಕನ್ನಡದಲ್ಲಿ ಬರೆಯುವ ತಾಣಗಳನ್ನೇ ಹೆಚ್ಚು ಕಾಡುವ ಪ್ರಶ್ನೆ ಇದು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಒಂದು ಅಕ್ಷರಕ್ಕೆ ಗರಿಷ್ಠ 3 ಬೈಟ್ ಕೊಡುತ್ತದೆ. ಕನ್ನಡದ ಪ್ರತಿ ಸಂಕೇತವೂ ಸರಿಯಾಗಿ 3 ಬೈಟ್, ಹಾಗಾಗಿ ಹಿಡಿಯುತ್ತದೆ. ಹೆಚ್ಚಿನ ಇಮೋಜಿಗಳಿಗೆ 4 ಬೇಕು. ಸ್ಟ್ರಿಕ್ಟ್ ಮೋಡ್ (ತಪ್ಪು ಬೆಲೆ ಒಪ್ಪದ ಸ್ಥಿತಿ) ಇದ್ದರೆ ಎರರ್ ಬರುತ್ತದೆ. ಇಲ್ಲದಿದ್ದರೆ ಇಮೋಜಿಯಿಂದ ಮುಂದಿನ ಪಠ್ಯವೆಲ್ಲ ಕತ್ತರಿಸಿಹೋಗುತ್ತದೆ. ಎರರ್ ಬರುತ್ತಿರುವುದು ನಿಮ್ಮ ಪುಣ್ಯ.

ಬದಲಿಸುವ ಮುನ್ನ ಕಾಲಂ ನಿಜವಾಗಿ ಯಾವ ಎನ್‌ಕೋಡಿಂಗ್‌ನಲ್ಲಿದೆ ನೋಡಿ. 'ಕ' ಅಕ್ಷರ ಇರುವ ಒಂದು ಸಾಲಿಗೆ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ. 'ಇ0 ಬಿ2 95' ಎಂಬ ಮೂರು ಬೈಟ್ ಕಂಡು, ಕಾಲಂ ಯುಟಿಎಫ್8 ಎಂದು ಘೋಷಿತವಾಗಿದ್ದರೆ ಎಲ್ಲ ಸರಿ. ಅದೇ ಮೂರು ಬೈಟ್ ಇದ್ದು, ಕಾಲಂ ಮಾತ್ರ ಲ್ಯಾಟಿನ್1 (ಯುರೋಪಿಯನ್ ಅಕ್ಷರಗಳ ಹಳೆಯ ಎನ್‌ಕೋಡಿಂಗ್) ಎಂದಿದ್ದರೆ ಕನ್ನಡ ವೇಷ ಮರೆಸಿಕೊಂಡು ಕೂತಿದೆ: ಆ್ಯಪ್ ಕೂಡ ಲ್ಯಾಟಿನ್1 ಎಂದೇ ಕನೆಕ್ಟ್ ಆಗುವುದರಿಂದ ಪರದೆಯ ಮೇಲೆ ಸರಿ ಕಾಣುತ್ತದೆ. ಈ ಸ್ಥಿತಿಯಲ್ಲಿ 'ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್' ಓಡಿಸಿದರೆ ಮೈಎಸ್‌ಕ್ಯೂಎಲ್ ಒಂದೊಂದು ಬೈಟನ್ನೂ ಒಂದೊಂದು ಯುರೋಪಿಯನ್ ಅಕ್ಷರವೆಂದು ತಿಳಿದು ಮತ್ತೊಮ್ಮೆ ಎನ್‌ಕೋಡ್ ಮಾಡುತ್ತದೆ. 'ಕ' ಮೂರರಿಂದ ಏಳು ಬೈಟ್ ಆಗುತ್ತದೆ. ಸರಿಯಾದ ದಾರಿ: ಮೊದಲು ಮಾಡಿಫೈ ಮಾಡಿ ಬರೀ ಬೈಟ್ ಇಡುವ ವಾರ್‌ಬೈನರಿ (ಟೆಕ್ಸ್ಟ್ ಆಗಿದ್ದರೆ ಬ್ಲಾಬ್), ಅಲ್ಲಿಂದ ಯುಟಿಎಫ್8ಎಂಬಿ4ನ ವಾರ್‌ಕ್ಯಾರ್. ಬೈನರಿಯಿಂದ ಬರುವಾಗ ಬೈಟ್‌ಗಳು ಬದಲಾಗುವುದಿಲ್ಲ, ಹೆಸರಷ್ಟೇ ಬದಲಾಗುತ್ತದೆ.

ಇಲ್ಲಿ ಒಂದು ತೊಡಕು ಖಂಡಿತ ಸಿಗುತ್ತದೆ. ಲ್ಯಾಟಿನ್1ನ ವಾರ್‌ಕ್ಯಾರ್ 50 ಎಂದರೆ 50 ಬೈಟ್. ಅದರಲ್ಲಿ ಹಿಡಿಯುವುದು 16 ಕನ್ನಡ ಸಂಕೇತ, ಉಳಿದ 2 ಬೈಟ್‌ನಲ್ಲಿ ಹದಿನೇಳನೆಯದರ ತುಂಡು. 'ಕ್ಷ' ಒಂದಕ್ಕೇ ಕ, ಹಲಂತ ಚಿಹ್ನೆ (್), ಷ ಸೇರಿ 9 ಬೈಟ್, ಆದ್ದರಿಂದ ಉದ್ದ ಹೆಸರುಗಳು ಕತ್ತರಿಸಿಹೋಗಿರುವುದು ಅಪರೂಪವಲ್ಲ. ಆ ತುಂಡು ಬೈಟ್‌ಗಳು ಯುಟಿಎಫ್8ಎಂಬಿ4ಗೆ ಬರುವಾಗ ಎರರ್ ಎಬ್ಬಿಸುತ್ತವೆ. ಲೆಂತ್ ಸರಿಯಾಗಿ 50 ಇರುವ ಸಾಲುಗಳನ್ನು ಮೊದಲೇ ಪಟ್ಟಿ ಮಾಡಿ, ಕೈಯಾರೆ ತಿದ್ದಿ.

ಈ ವೇಷದ ಪ್ರಕರಣಕ್ಕೆ ಮಾತ್ರ ಅರ್ಧ ಗಂಟೆ ಸೈಟ್ ನಿಲ್ಲಿಸುವುದೇ ಮೇಲು. ಕಾಲಂ ಬದಲಾಗುವ ಕ್ಷಣದಲ್ಲೇ ಆ್ಯಪ್‌ನ ಕನೆಕ್ಷನ್ ಕೂಡ ಯುಟಿಎಫ್8ಎಂಬಿ4 ಆಗಬೇಕು. ಒಂದು ಸರ್ವರ್ ಹಳೆಯದರಲ್ಲೇ ಉಳಿದರೂ ಅದು ಬರೆಯುವ ಪ್ರತಿ ಸಾಲೂ ಕೆಡುತ್ತದೆ.

ನಿಮ್ಮದು ನಿಜವಾದ ಯುಟಿಎಫ್8 ಆಗಿದ್ದರೆ ನಿಲ್ಲಿಸಬೇಕಿಲ್ಲ. ಕನ್ವರ್ಟ್ ಆದೇಶ ಇಡೀ ಟೇಬಲ್ ನಕಲು ಮಾಡುತ್ತಾ ಬರಹ ತಡೆಯುವುದರಿಂದ, ದೊಡ್ಡ ಟೇಬಲ್‌ಗೆ ಪರ್ಕೋನಾದ ಪಿಟಿ-ಆನ್‌ಲೈನ್-ಸ್ಕೀಮಾ-ಚೇಂಜ್ ಅಥವಾ ಗಿಟ್‌ಹಬ್‌ನವರ ಜಿಎಚ್-ಓಸ್ಟ್ ಬಳಸಿ. ಎರಡೂ ಪಕ್ಕದಲ್ಲಿ ಹೊಸ ಟೇಬಲ್ ಕಟ್ಟಿ, ಸಾಲುಗಳನ್ನು ಕಂತುಗಳಲ್ಲಿ ಸಾಗಿಸಿ, ಕೊನೆಗೆ ಹೆಸರು ಅದಲುಬದಲು ಮಾಡುತ್ತವೆ. ಮೊದಲನೆಯದು ನಡುವೆ ಬರುವ ಬದಲಾವಣೆಗಳನ್ನು ಟ್ರಿಗರ್‌ನಿಂದ (ಬರಹ ಆದಾಗ ತಾನೇ ಓಡುವ ಕೋಡ್‌ನಿಂದ) ಹಿಡಿಯುತ್ತದೆ, ಎರಡನೆಯದು ಬಿನ್‌ಲಾಗ್ (ಬದಲಾವಣೆಗಳ ದಾಖಲೆ) ಓದಿ ಹಿಡಿಯುತ್ತದೆ. ಹಾಗಾಗಿ ಬರಹ ಹೆಚ್ಚಿರುವಲ್ಲಿ ಎರಡನೆಯದು ಹಗುರ, ಬೇಕೆಂದಾಗ ತಡೆದು ನಿಲ್ಲಿಸಬಹುದು. ಆದರೆ ಫಾರಿನ್ ಕೀ ಇರುವ ಟೇಬಲ್‌ಗೆ ಅದು ಆಗುವುದಿಲ್ಲ. ಡಿಸ್ಕ್‌ನಲ್ಲಿ ಟೇಬಲ್‌ನಷ್ಟೇ ಖಾಲಿ ಜಾಗ, ಬಿನ್‌ಲಾಗ್‌ಗೆ ಇನ್ನಷ್ಟು ಇರಲಿ.

ಹಳೆಯ ಕಾಂಪ್ಯಾಕ್ಟ್ ಸಾಲು ರೂಪದ ಟೇಬಲ್ ಆಗಿದ್ದರೆ ಇಂಡೆಕ್ಸ್‌ಗೆ ಮಿತಿ 767 ಬೈಟ್. 4ರಿಂದ ಭಾಗಿಸಿದರೆ 191 ಅಕ್ಷರ, ವಾರ್‌ಕ್ಯಾರ್ 255ರ ಇಂಡೆಕ್ಸ್ ಅದರಲ್ಲಿ ಕೂರುವುದಿಲ್ಲ. ರೋ ಫಾರ್ಮ್ಯಾಟ್ ಡೈನಮಿಕ್ ಆದರೆ ಮಿತಿ 3072. ಪರಸ್ಪರ ಜಾಯಿನ್ ಆಗುವ ಟೇಬಲ್‌ಗಳನ್ನು ಒಂದೇ ಸುತ್ತಿನಲ್ಲಿ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಎಂದಿರುವ ಅವಧಿಯಲ್ಲಿ ಹಳೆಯ ಕಡೆಯ ಇಂಡೆಕ್ಸ್ ಬಳಕೆಗೆ ಬಾರದೆ ಕ್ವೆರಿ ನಿಧಾನವಾಗಬಹುದು.

ಐಡಿ ಕಾಲಂ ಇಂಟಿಜರ್. ಈಗ 160 ಕೋಟಿ ದಾಟಿದೆ. ಬಿಗ್‌ಇಂಟ್‌ಗೆ (ದೊಡ್ಡ ಪೂರ್ಣಾಂಕದ ಟೈಪ್‌ಗೆ) ಯಾವಾಗ, ಹೇಗೆ? (ಪೋಸ್ಟ್‌ಗ್ರೆಸ್, ಬೆಂಗಳೂರಿನ ಮತ್ತೊಬ್ಬ ಓದುಗರು)

ಈಗಲೇ. ಮಿತಿ 2,147,483,647. ಅಂದರೆ ಮುಕ್ಕಾಲು ಭಾಗ ಮುಗಿದಿದೆ, ಮತ್ತು ಸೋತ ಇನ್ಸರ್ಟ್‌ಗಳೂ ಸೀಕ್ವೆನ್ಸ್‌ನಿಂದ (ಮುಂದಿನ ಐಡಿ ಕೊಡುವ ಎಣಿಕೆಯಿಂದ) ಸಂಖ್ಯೆ ತಿನ್ನುತ್ತವೆ.

ನೇರ ಆಲ್ಟರ್ ಇಡೀ ಟೇಬಲ್ ಮತ್ತು ಇಂಡೆಕ್ಸ್‌ಗಳನ್ನು ಲಾಕ್ ಹಿಡಿದು ಮರುಬರೆಯುತ್ತದೆ. ಆದ್ದರಿಂದ ಮೇಲಿನ ರೀತಿಯಲ್ಲೇ: ಹೊಸ ಬಿಗ್‌ಇಂಟ್ ಕಾಲಂ, ಪ್ರತಿ ಇನ್ಸರ್ಟ್‌ಗೆ ಅದನ್ನು ತುಂಬುವ ಟ್ರಿಗರ್, ಕಂತುಗಳಲ್ಲಿ ಬ್ಯಾಕ್‌ಫಿಲ್, ಕನ್‌ಕರೆಂಟ್ಲಿ ಯುನೀಕ್ ಇಂಡೆಕ್ಸ್, ಚೆಕ್ ಮೂಲಕ ನಾಟ್ ನಲ್. ಆಮೇಲೆ ಒಂದೇ ಪುಟ್ಟ ಟ್ರಾನ್ಸಾಕ್ಷನ್‌ನಲ್ಲಿ ಹಳೆಯ ಪ್ರೈಮರಿ ಕೀ ತೆಗೆದು, ಹೆಸರು ಅದಲುಬದಲು ಮಾಡಿ, ಸೀಕ್ವೆನ್ಸ್‌ನ ಡೀಫಾಲ್ಟ್ ಅನ್ನು ಹೊಸ ಕಾಲಂಗೆ ಕೊಟ್ಟು, 'ಪ್ರೈಮರಿ ಕೀ ಯೂಸಿಂಗ್ ಇಂಡೆಕ್ಸ್' ಹಾಕಿ. ಈ ಐಡಿಯನ್ನು ಫಾರಿನ್ ಕೀ ಆಗಿ ಬಳಸುವ ಟೇಬಲ್‌ಗಳ ಕಾಲಂಗಳೆಲ್ಲ ಅದಕ್ಕೂ ಮುಂಚೆ ಬಿಗ್‌ಇಂಟ್ ಆಗಿರಬೇಕು. ಆ ಫಾರಿನ್ ಕೀಗಳು ಹಳೆಯ ಪ್ರೈಮರಿ ಕೀಯನ್ನೇ ನೆಚ್ಚಿರುವುದರಿಂದ, ಅವನ್ನು ತೆಗೆದು ಹೊಸ ಕಾಲಂ ಮೇಲೆ ನಾಟ್ ವ್ಯಾಲಿಡ್ ಆಗಿ ಮತ್ತೆ ಹಾಕುವುದೂ ಯೋಜನೆಯಲ್ಲಿರಲಿ.

ಮರೆಯುವುದು ಎರಡು ಕಡೆ. ಪೋಸ್ಟ್‌ಗ್ರೆಸ್ 10 ರಿಂದ ಈಚೆಗೆ ಸೀರಿಯಲ್ ಕಾಲಂನ ಸೀಕ್ವೆನ್ಸ್ ಕೂಡ ಇಂಟಿಜರ್ ಆಗಿಯೇ ಹುಟ್ಟುತ್ತದೆ. ಕಾಲಂ ಬದಲಿಸಿ ಸೀಕ್ವೆನ್ಸ್ ಬಿಟ್ಟರೆ ಅದೇ 214 ಕೋಟಿಯಲ್ಲಿ ನಿಲ್ಲುತ್ತದೆ, 'ಆಲ್ಟರ್ ಸೀಕ್ವೆನ್ಸ್ ಆ್ಯಸ್ ಬಿಗ್‌ಇಂಟ್' ಮಾಡಿ. ಇನ್ನೊಂದು, ಸೀಕ್ವೆನ್ಸ್‌ನ ಒಡೆತನ ಹಳೆಯ ಕಾಲಂ ಹೆಸರಿನಲ್ಲೇ ಉಳಿದಿರುತ್ತದೆ. 'ಓನ್ಡ್ ಬೈ' ಮೂಲಕ ಹೊಸ ಕಾಲಂಗೆ ವರ್ಗಾಯಿಸಿ. ವರ್ಗಾಯಿಸದೆ ಹಳೆಯ ಕಾಲಂ ತೆಗೆಯಲು ಹೋದರೆ ಪೋಸ್ಟ್‌ಗ್ರೆಸ್ ಅವಲಂಬನೆಯ ಎರರ್ ಕೊಡುತ್ತದೆ. ಆಗ ಗಾಬರಿಯಲ್ಲಿ ಕ್ಯಾಸ್ಕೇಡ್ (ಅವಲಂಬಿಸಿದ್ದನ್ನೂ ತೆಗೆ) ಸೇರಿಸಿದರೆ ಸೀಕ್ವೆನ್ಸ್ ಮತ್ತು ಹೊಸ ಕಾಲಂನ ಡೀಫಾಲ್ಟ್ ಎರಡೂ ಹೋಗುತ್ತವೆ, ಮುಂದಿನ ಇನ್ಸರ್ಟ್ ನಾಟ್ ನಲ್‌ಗೆ ತಾಕಿ ಬೀಳುತ್ತದೆ. ಆ್ಯಂಡ್ರಾಯ್ಡ್ ಆ್ಯಪ್‌ನಲ್ಲಿ ಐಡಿಯನ್ನು ಇಂಟ್ ಆಗಿ ಓದುತ್ತಿದ್ದರೆ ಲಾಂಗ್‌ಗೆ ಬದಲಿಸಿದ ಆವೃತ್ತಿಯನ್ನು ತಿಂಗಳುಗಳ ಮುಂಚೆಯೇ ಹೊರಡಿಸಿ, ಜನ ಅಪ್‌ಡೇಟ್ ಮಾಡಿಕೊಳ್ಳಲು ಸಮಯ ಬೇಕು.